ಸೋಪು, ಶವರ್ ಜೆಲ್, ಲೂಫಾ: ನಮ್ಮ ಬಚ್ಚಲಲ್ಲಿ ಏನು ಉಳಿಯಿತು, ಏನು ಹೋಯಿತು

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಸೋಪೋ ಜೆಲ್ಲೋ ಅನ್ನುವುದನ್ನು ನಿಮ್ಮ ನಲ್ಲಿಯ ನೀರು ನೋಡಿ ತೀರ್ಮಾನಿಸಿ. ಮೈ ಉಜ್ಜಲು ಏನು ಬಳಸುತ್ತೀರಿ ಅನ್ನುವುದು ಅದಕ್ಕಿಂತ ಮುಖ್ಯ. ಬ್ರ್ಯಾಂಡಿನ ವಿಚಾರ ಆಮೇಲೆ.

ನಮ್ಮದು ಬೆಂಗಳೂರಿನ ಅಪಾರ್ಟ್‌ಮೆಂಟು. ಕಾವೇರಿ ನೀರು ಬರುವ ದಿನ ಬರುತ್ತದೆ, ಇಲ್ಲದಿದ್ದರೆ ಬೋರ್ ನೀರು. 2024ರ ಬೇಸಿಗೆಯಲ್ಲಂತೂ ಟ್ಯಾಂಕರ್ ನೀರೇ ಗತಿಯಾಗಿತ್ತು. ಮನೆಯಲ್ಲಿ ಅತ್ತೆಯದು ಒಣ ಚರ್ಮ. ಮಗ ಆಟ ಆಡಿ ಬಂದರೆ ಬೆವರಿನ ಮುದ್ದೆ. ನಾನು, ನನ್ನ ಹೆಂಡತಿ ನಡುವೆ ಎಲ್ಲೋ ಇದ್ದೇವೆ. ಹೀಗಾಗಿ ಒಂದೇ ಬಚ್ಚಲಲ್ಲಿ ಸೋಪು, ಜೆಲ್ಲು, ಬ್ರಷ್ಷು, ಲೂಫಾ ಎಲ್ಲವೂ ವರ್ಷಗಟ್ಟಲೆ ಇದ್ದವು. ಈಗ ಕೆಲವು ಮಾತ್ರ ಇವೆ.

ಮೊದಲು ನೀರಿನ ವಿಷಯ. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಸೋಪು ಅಂದರೆ ಎಣ್ಣೆ ಮತ್ತು ಕ್ಷಾರ ಸೇರಿ ಆದದ್ದು. ಅದು ಇಂಥ ಗಡಸು ನೀರಿಗೆ ಬಿದ್ದರೆ ನೊರೆ ಆಗುವ ಬದಲು ಕರಗದ ಜಿಗುಟು ಆಗುತ್ತದೆ. ಬಕೆಟ್ಟಿನ ಒಳಗೆ ಬೆರಳು ಹಾಕಿ ಗೀರಿ ನೋಡಿ. ಉಗುರಿಗೆ ಮೇಣದಂತೆ ಬಿಳಿ ಪದರ ಅಂಟುತ್ತದಲ್ಲ, ಅದೇ ಅದು. ಟೈಲ್ಸಿನ ಮೇಲೂ ಅದೇ, ಸ್ವಲ್ಪ ಮಟ್ಟಿಗೆ ಮೈಮೇಲೂ ಅದೇ. ಸ್ನಾನ ಮಾಡಿ ಒರೆಸಿಕೊಂಡ ಮೇಲೆ ಮೊಣಕಾಲಿನ ಕೆಳಗೆ ಚರ್ಮ ಬಿಗಿದ ಹಾಗಾಗಿ, ಉಗುರಲ್ಲಿ ಗೀರಿದರೆ ಬಿಳಿ ಗೆರೆ ಬೀಳುವುದು ನಮಗೆ ಬೋರ್ ನೀರಿನ ದಿನಗಳಲ್ಲೇ ಹೆಚ್ಚು. ಅದೇ ಸೋಪು ಕಾವೇರಿ ನೀರಿಗೆ ಚೆನ್ನಾಗಿ ನೊರೆ ಕೊಡುತ್ತದೆ, ಬೇಗ ಹೋಗುತ್ತದೆ. ನೀರು ಕೆಟ್ಟಿದ್ದಕ್ಕೆ ಸುಮ್ನೆ ಸೋಪನ್ನು ಬೈಯುವವರು ನಮ್ಮ ಫ್ಲೋರಿನಲ್ಲೇ ಬೇಕಾದಷ್ಟು ಜನ ಇದ್ದಾರೆ.

ಇನ್ನು ಸೋಪು. ನಮ್ಮನೆಯಲ್ಲಿ ಹಿಂದಿನಿಂದಲೂ ಮೈಸೂರು ಸ್ಯಾಂಡಲ್. ಇದರಲ್ಲಿ ಸ್ವಲ್ಪ ಊರಿನ ಅಭಿಮಾನ ಇದೆ, ಮುಚ್ಚಿಡುವುದೇನಿಲ್ಲ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಶುರುವಾದ ಸರ್ಕಾರಿ ಕಾರ್ಖಾನೆಯ ಸೋಪು ಇದು. ಮೊದಲ ಮಹಾಯುದ್ಧದಿಂದ ಶ್ರೀಗಂಧ ಹೊರದೇಶಕ್ಕೆ ಹೋಗದೆ ಇಲ್ಲೇ ಉಳಿದಾಗ, ಎಣ್ಣೆ ತೆಗೆದು ಸೋಪು ಮಾಡೋಣ ಅಂತ ಹೊರಟರು. ಡಬ್ಬಿಯ ಮೇಲಿನ ಆನೆ ಸೊಂಡಿಲಿನ ಶರಭ ಇವತ್ತಿಗೂ ಹಾಗೇ ಇದೆ. ಆದರೆ ನಾನು ಅದನ್ನು ಬಳಸುವುದು ಅಭಿಮಾನಕ್ಕೆ ಮಾತ್ರ ಅಲ್ಲ, ಅದು ಗ್ರೇಡ್ 1 ಸೋಪು ಅಂತಲೂ ಹೌದು.

ಈ ಗ್ರೇಡ್ ಲೆಕ್ಕವನ್ನು ಅಂಗಡಿಯಲ್ಲಿ ಯಾರೂ ನೋಡುವುದಿಲ್ಲ, ನೋಡಬೇಕು. ರ‍್ಯಾಪರಿನ ಹಿಂದೆ ಸಣ್ಣ ಅಕ್ಷರದಲ್ಲಿ ಟಿಎಫ್‌ಎಂ ಅಂತ ಇರುತ್ತದೆ. ಸೋಪಿನಲ್ಲಿ ಒಟ್ಟು ಕೊಬ್ಬಿನ ಅಂಶ ಎಷ್ಟು ಅನ್ನುವ ಲೆಕ್ಕ ಅದು. ನಮ್ಮ ದೇಶದ ಮಾನಕದ ಪ್ರಕಾರ ಗ್ರೇಡ್ 1 ಅನ್ನಿಸಿಕೊಳ್ಳಲು ಕನಿಷ್ಠ ಶೇ. 76, ಗ್ರೇಡ್ 2ಕ್ಕೆ 70, ಗ್ರೇಡ್ 3ಕ್ಕೆ 60 ಇರಬೇಕು. 'ಟಾಯ್ಲೆಟ್ ಸೋಪ್' ಅಂತ ಬರೆಯದೆ 'ಬೇದಿಂಗ್ ಬಾರ್' ಅಂತ ಬರೆದಿದ್ದರೆ ಅದು ಬೇರೆ ಪಂಗಡ. ಅಲ್ಲಿ ಶೇ. 40 ಇದ್ದರೂ ನಡೆಯುತ್ತದೆ. ಟಿಎಫ್‌ಎಂ ಕಡಿಮೆ ಇರುವ ಸೋಪು ಬೇಗ ಮೆತ್ತಗಾಗಿ ಡಬ್ಬಿಯಲ್ಲಿ ಗಂಜಿಯಾಗುವುದನ್ನು ನಮ್ಮನೆಯಲ್ಲೇ ನೋಡಿದ್ದೇವೆ. 'ನಾಲ್ಕು ಕೊಂಡರೆ ಒಂದು ಉಚಿತ' ಅಂತ ತಂದ ಕಟ್ಟು ಅದು. ಉಚಿತದ್ದೂ ಸೇರಿ ಕರಗಿ ಹೋಗಿದ್ದು ಗೊತ್ತೇ ಆಗಲಿಲ್ಲ.

ಹಾಗಂತ ಬೇದಿಂಗ್ ಬಾರ್ ಎಲ್ಲವೂ ಕಳಪೆ ಅಂತಲ್ಲ. ಡವ್ ಥರದವು ನಿಜವಾದ ಅರ್ಥದಲ್ಲಿ ಸೋಪೇ ಅಲ್ಲ. ಸೌಮ್ಯ ಡಿಟರ್ಜೆಂಟಿನಿಂದ ಮಾಡಿದ ಬಾರುಗಳು. ಚರ್ಮದ ಡಾಕ್ಟರುಗಳು ಇವನ್ನು ಸಿಂಡೆಟ್ ಅನ್ನುತ್ತಾರೆ. ಅಲ್ಲಿ ಟಿಎಫ್‌ಎಂ ನೋಡಿ ಪ್ರಯೋಜನವಿಲ್ಲ, ಪಿಎಚ್, ಅಂದರೆ ಆಮ್ಲವೋ ಕ್ಷಾರವೋ ಅನ್ನುವ ಅಳತೆ, ನೋಡಬೇಕು. ಸಾಮಾನ್ಯ ಸೋಪಿನ ಪಿಎಚ್ 9ರಿಂದ 10ರ ಆಸುಪಾಸು, ನಮ್ಮ ಚರ್ಮದ್ದು ಹೆಚ್ಚುಕಡಿಮೆ 5.5. 2021ರಲ್ಲಿ ಸೆಬಾಮೆಡ್‌ನವರು ಇದೇ ಪಿಎಚ್ ಹಿಡಿದುಕೊಂಡು ಬೇರೆ ಸೋಪುಗಳ ಹೆಸರೆತ್ತಿ ಜಾಹೀರಾತು ಬಿಟ್ಟು, ಜಗಳ ಬಾಂಬೆ ಹೈಕೋರ್ಟಿಗೆ ಹೋಗಿತ್ತಲ್ಲ, ನೆನಪಿರಬಹುದು. ಆರೋಗ್ಯವಾಗಿರುವ ಚರ್ಮ ಸ್ನಾನವಾದ ಕೆಲವು ಗಂಟೆಗಳಲ್ಲಿ ತನ್ನ ಪಿಎಚ್ಚಿಗೆ ತಾನೇ ಮರಳುತ್ತದೆ. ಹಾಗಾಗಿ ಎಲ್ಲರೂ ಗಾಬರಿ ಬೀಳಬೇಕಿಲ್ಲ. ಆದರೆ ಅತ್ತೆಯಂಥ ಒಣ ಚರ್ಮದವರಿಗೆ, ಎಕ್ಸಿಮಾ ಇರುವವರಿಗೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಅತ್ತೆಯ ಮುಂಗಾಲಿನ ಕೆರೆತ ನಿಂತಿದ್ದು ಸಿಂಡೆಟ್ ಬಾರಿಗೆ ಬದಲಾಯಿಸಿ, ಮೈ ಪೂರ್ತಿ ಆರುವ ಮೊದಲೇ ಕೊಬ್ಬರಿ ಎಣ್ಣೆ ಹಚ್ಚಲು ಶುರು ಮಾಡಿದ ಮೇಲೆ. ಅವರು ಮಾತ್ರ ಪೂರ್ತಿ ಶ್ರೇಯಸ್ಸು ಎಣ್ಣೆಗೇ ಕೊಡುತ್ತಾರೆ. "ಕಡ್ಲೆಹಿಟ್ಟಾದ್ರೆ ಮಿಕ್ಕಿದ್ರಲ್ಲಿ ಬೋಂಡಾನಾದ್ರೂ ಮಾಡ್ಬೋದು, ನಿಮ್ ಈ ಬಾರಲ್ಲಿ ಏನ್ ಮಾಡ್ತೀರಪ್ಪಾ?" ಅಂತ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಶವರ್ ಜೆಲ್. ಇದರ ದೊಡ್ಡ ಗುಣ ಅಂದರೆ ಗಡಸು ನೀರಿನಲ್ಲೂ ಜಿಗುಟು ಆಗುವುದಿಲ್ಲ. ಟ್ಯಾಂಕರ್ ನೀರಿನ ಆ ಬೇಸಿಗೆಯಲ್ಲಿ ನಮ್ಮನ್ನು ಕಾಪಾಡಿದ್ದು ಇದೇ. ಬಕೆಟ್ಟಿನ ಬಿಳಿ ಪಟ್ಟೆಯೂ ಕಡಿಮೆಯಾಯಿತು. ಪಿಎಚ್ ಕೂಡ ಹೆಚ್ಚಿನವುಗಳಲ್ಲಿ ಸೋಪಿಗಿಂತ ಕಡಿಮೆ.

ದೋಷ ಖರ್ಚಿನದು. ಬಾಟಲಿಯಲ್ಲಿರುವುದು ಬಹುಪಾಲು ನೀರು. ಅದಕ್ಕೆ ಡಿಟರ್ಜೆಂಟು, ಸುಗಂಧ, ಗಟ್ಟಿಯಾಗಿ ಕಾಣಲು ಉಪ್ಪು. ಕೈಗೆ ಒಂದು ಪಂಪ್ ಹಾಕಿಕೊಂಡರೆ ಅರ್ಧ ಬೆರಳ ಸಂದಿಯಲ್ಲೇ ಇಳಿದು ಮೋರಿಗೆ ಹೋಗುತ್ತದೆ. ಮಗ ಒತ್ತುವ ಪಂಪಿಗೆ ಲೆಕ್ಕವೇ ಇಲ್ಲ. ಒಂದು ಗಂಧದ ಸೋಪು ಬರುವಷ್ಟು ದಿನ 250 ಮಿಲಿ ಬಾಟಲಿ ನಮ್ಮಲ್ಲಿ ಯಾವತ್ತೂ ಬಂದಿಲ್ಲ, ಬೆಲೆ ನೋಡಿದರೆ ಸೋಪಿಗಿಂತ ಎಷ್ಟೋ ಮೇಲೆ. ಇನ್ನೊಂದು ತಾಪತ್ರಯ: ಬಕೆಟ್ಟು, ಚೊಂಬಿನ ಸ್ನಾನಕ್ಕೆ ಜೆಲ್ ಹೊಂದುವುದಿಲ್ಲ. ಕೆಲವು ಕ್ರೀಮಿನಂಥ ಜೆಲ್ಲುಗಳ ಜಾರು ಹೋಗಲು ಮತ್ತೆರಡು ಚೊಂಬು ನೀರು ಬೇಕು. ನೀರಿಲ್ಲದ ಕಾಲದಲ್ಲಿ ಜೆಲ್ ಬೇಕು, ಜೆಲ್ಲಿಗೆ ನೀರು ಬೇಕು!

ಜೆಲ್ಲಿನ ನಿಜವಾದ ತೊಂದರೆ ಅದರ ಜೊತೆಗೆ ಬರುವುದರಲ್ಲಿದೆ. ಕೈಯಲ್ಲಿ ನೊರೆ ಬರುವುದಿಲ್ಲ ಅಂತ ಜನ ನೈಲಾನ್ ಲೂಫಾ ತರುತ್ತಾರೆ. ಬಣ್ಣಬಣ್ಣದ ಬಲೆ ಸುತ್ತಿ ಚೆಂಡು ಮಾಡಿರುತ್ತಾರಲ್ಲ, ಅದು. ಒಂದು ಹನಿ ಜೆಲ್ಲಿಗೆ ಬಚ್ಚಲು ತುಂಬ ನೊರೆ ಬರುತ್ತದೆ ನಿಜ. ಆಮೇಲೆ ಉಜ್ಜುವುದು ಶುರುವಾಗುತ್ತದೆ. ನಮ್ಮ ಚಿಕ್ಕಮ್ಮನಿಗೆ ಬೆನ್ನಿನ ಮೇಲ್ಭಾಗದಲ್ಲಿ, ಕುತ್ತಿಗೆಯ ಕೆಳಗಿನ ಮೂಳೆಯ ಮೇಲೆ ಕಂದು ಬಣ್ಣದ ಕಲೆ ಬಂತು. ಹತ್ತಿರದಿಂದ ನೋಡಿದರೆ ಮರಳಿನ ಮೇಲೆ ಗಾಳಿ ಎಳೆದಂಥ ಸಣ್ಣ ಅಲೆ ಅಲೆ. ಕೊಳೆ ಅಂದುಕೊಂಡು ಇನ್ನೂ ಜೋರಾಗಿ ಉಜ್ಜಿದರು, ಅದು ಇನ್ನೂ ಕಪ್ಪಾಯಿತು. ಚರ್ಮದ ಡಾಕ್ಟರು ನೋಡಿದವರೇ ಕೇಳಿದ ಮೊದಲ ಪ್ರಶ್ನೆ, "ಏನಲ್ಲಿ ಉಜ್ತೀರಮ್ಮ?" ಅಂತ. ಇದಕ್ಕೆ ಫ್ರಿಕ್ಷನ್ ಮೆಲನೋಸಿಸ್ ಅನ್ನುತ್ತಾರೆ. ಉಜ್ಜಿ ಉಜ್ಜಿಯೇ ಬರುವ ಕಪ್ಪು. ಚರ್ಮದ ಕೆಳಗೇ ಮೂಳೆ ಇರುವ ಜಾಗದಲ್ಲಿ ಜಾಸ್ತಿ. ನಮ್ಮ ದೇಶದಲ್ಲಿ ಅಪರೂಪವೇನಲ್ಲ, ಜಪಾನಿನಲ್ಲೂ ನೈಲಾನ್ ಟವೆಲಿನಿಂದ ಇದೇ ಆಗಿದ್ದು ದಾಖಲಾಗಿದೆ. ಉಜ್ಜುವುದು ಬಿಟ್ಟರೆ ನಿಧಾನಕ್ಕೆ ತಿಳಿಯಾಗುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಚಿಕ್ಕಮ್ಮನದು ಇನ್ನೂ ಪೂರ್ತಿ ಹೋಗಿಲ್ಲ.

ಹೀರೆಕಾಯಿ ನಾರು ಇದಕ್ಕಿಂತ ವಾಸಿಯಾ? ಊರಿನಲ್ಲಿ ತುಪ್ಪದ ಹೀರೆಕಾಯಿಯನ್ನು ಬೀಜಕ್ಕೆ ಅಂತ ಬಳ್ಳಿಯಲ್ಲೇ ಬಿಟ್ಟು, ಒಣಗಿದ ಮೇಲೆ ಸಿಪ್ಪೆ ಸುಲಿದು ನಾರು ತೆಗೆಯುತ್ತಾರೆ. ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಹಿಮ್ಮಡಿಗೆ, ಮೊಣಕೈಗೆ ಚೆನ್ನ. ಆದರೆ ಬಿಸಿಲಿಗೆ ಒಣಗಿಸಬೇಕು. ಕಿಟಕಿ ಇಲ್ಲದ ಅಪಾರ್ಟ್‌ಮೆಂಟ್ ಬಾತ್‌ರೂಮಿನಲ್ಲಿ ನೇತುಹಾಕಿದರೆ ಸತ್ತ ಚರ್ಮದ ಚೂರು, ತೇವ ಎರಡೂ ಸೇರಿ ಕ್ರಿಮಿಗಳಿಗೆ ಹಬ್ಬ. ನೈಲಾನಿನದಕ್ಕೂ ಇದೇ ಮಾತು. ವಾಸನೆ ಬಂತೋ, ಎಸೆಯಿರಿ. ಒಂದೇ ಲೂಫಾವನ್ನು ಮನೆಮಂದಿಯೆಲ್ಲ ಹಂಚಿಕೊಳ್ಳುವುದಂತೂ ಬೇಡವೇ ಬೇಡ. ಶೇವ್ ಮಾಡಿದ ದಿನ ಆ ಜಾಗಕ್ಕೆ ಯಾವುದನ್ನೂ ತಾಗಿಸಬೇಡಿ.

ಉದ್ದ ಹಿಡಿಯ ಬೆನ್ನುಜ್ಜುವ ಬ್ರಷ್ಷು ತಂದಿದ್ದೆವು. ಈಗ ಅದರಲ್ಲಿ ಸಿಂಕ್ ತೊಳೆಯುತ್ತೇವೆ.

ಕೊನೆಗೆ ನಮ್ಮಲ್ಲಿ ನಿಂತಿದ್ದು ಹಳೇ ಪಂಚೆಯ ತುಂಡು. ಸಾವಿರ ಸಲ ಒಗೆದು ಸವೆದು ಮೆತ್ತಗಾದ ಹತ್ತಿ ಬಟ್ಟೆ, ಒಬ್ಬೊಬ್ಬರಿಗೆ ಒಂದೊಂದು. ಸೋಪು ಹಚ್ಚಿದರೆ ನೊರೆ ಬರುತ್ತದೆ, ಎರಡು ತುದಿ ಹಿಡಿದು ಎಳೆದರೆ ಬೆನ್ನಿಗೂ ತಲುಪುತ್ತದೆ, ಬಟ್ಟೆಯ ಜೊತೆ ವಾಷಿಂಗ್ ಮೆಷಿನ್ನಿಗೆ ಬೀಳುತ್ತದೆ, ಬಾಲ್ಕನಿಯಲ್ಲಿ ಒಣಗುತ್ತದೆ. ಅದೂ ದಿನಾ ಬೇಕಿಲ್ಲ, ಉಳಿದ ದಿನ ಅಂಗೈ ಸಾಕು. ಕಂಕುಳು, ತೊಡೆಸಂದಿ, ಪಾದ, ಇಷ್ಟಕ್ಕೆ ದಿನಾ ಸೋಪು ಹಾಕಿ. ಆಫೀಸಿನ ಏಸಿಯಲ್ಲಿ ಕೂತು ಬಂದವರ ಕೈಕಾಲಿಗೆ ಎಷ್ಟೋ ದಿನ ನೀರೇ ಸಾಕಾಗುತ್ತದೆ.

'ಆಂಟಿಬ್ಯಾಕ್ಟೀರಿಯಲ್' ಅಂತ ದೊಡ್ಡದಾಗಿ ಬರೆದಿರುವುದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಮನೆಬಳಕೆಯ ಇಂಥ ಸೋಪುಗಳಿಂದ ತೆಗೆಸಿತು. ಸಾದಾ ಸೋಪಿಗಿಂತ ಇವು ಹೆಚ್ಚು ಕೆಲಸ ಮಾಡುತ್ತವೆ ಅಂತ ಕಂಪನಿಗಳು ತೋರಿಸಿಕೊಡಲಿಲ್ಲ ಅನ್ನುವುದೂ ಒಂದು ಕಾರಣ.

ಸದ್ಯದ ವ್ಯವಸ್ಥೆ ಹೀಗಿದೆ. ಕಾವೇರಿ ನೀರಿಗೆ ಗಂಧದ ಸೋಪು, ಕೆಳಗೆ ಸೀಳು ಇರುವ ಡಬ್ಬಿಯಲ್ಲಿ. ನೀರು ಇಳಿದು ಸೋಪು ಒಣಗಿದರೆ ಬಾಳಿಕೆ ಎಷ್ಟು ಜಾಸ್ತಿ ಅಂತ ಒಂದು ಸಲ ನೋಡಿ. ಅತ್ತೆಗೆ ಎಲ್ಲಾ ನೀರಿಗೂ ಸಿಂಡೆಟ್ ಬಾರು. ಬೋರ್ ನೀರಿನ ದಿನಗಳಿಗೆ, ಬಂದ ನೆಂಟರಿಗೆ ಒಂದು ಬಾಟಲಿ ಜೆಲ್. ಮಗನ ಕೈಗೆ ಸಿಗದ ಮೇಲಿನ ಶೆಲ್ಫಿನಲ್ಲಿ, ಪಂಪ್ ತಿರುಗಿಸಿ ಲಾಕ್ ಮಾಡಿ.