ತಂಡದ ಹಿನ್ನೋಟಕ್ಕೆ ಆನ್‌ಲೈನ್ ವೈಟ್‌ಬೋರ್ಡ್: ವರ್ಷಗಟ್ಟಲೆ ಬಳಸಿದ ಮೇಲೆ ಅನ್ನಿಸಿದ್ದು

ಆನ್‌ಲೈನ್ ವೈಟ್‌ಬೋರ್ಡ್ ಅಂದರೆ ತಂಡದವರೆಲ್ಲ ಒಂದೇ ಪರದೆಯ ಮೇಲೆ ಚೀಟಿ ಬರೆದು ಅಂಟಿಸುವ ಜಾಗ. ಅದರಲ್ಲಿ ನೂರೆಂಟು ಸೌಲಭ್ಯಗಳಿವೆ. ಆದರೆ ನಮ್ಮ ತಂಡ ಅದನ್ನು ಕೈಬಿಡದೇ ಇರುವುದಕ್ಕೆ ಒಂದೇ ಒಂದು ಕಾರಣ ಸಾಕು. ಎಲ್ಲರೂ ಬರೆದು ಮುಗಿಸುವ ತನಕ ಒಬ್ಬರ ಚೀಟಿ ಇನ್ನೊಬ್ಬರಿಗೆ ಕಾಣದ ಹಾಗೆ ಇಡಬಹುದು. ಪ್ರೈವೇಟ್ ಮೋಡ್ ಅನ್ನುತ್ತಾರೆ. ಮಿರೋ, ಮ್ಯೂರಲ್ ಅನ್ನುವ ಎರಡು ವೈಟ್‌ಬೋರ್ಡ್ ಆ್ಯಪ್‌ಗಳಲ್ಲೂ ಇದೆ.

ನಮ್ಮದು ಕಿರು ಸಾಕ್ಷ್ಯಚಿತ್ರ ಮಾಡುವ ತಂಡ. ಸ್ಕ್ರಿಪ್ಟ್, ಕ್ಯಾಮೆರಾ, ಸೌಂಡ್, ಎಡಿಟಿಂಗ್ ಎಲ್ಲ ನಮ್ಮಲ್ಲೇ ನಡೆಯುತ್ತದೆ. ರಫ್ ಕಟ್ (ಶಾಟ್‌ಗಳನ್ನು ಜೋಡಿಸಿದ ಕಚ್ಚಾ ರೂಪ) ಆದಾಗ ಒಮ್ಮೆ, ಚಿತ್ರ ಮುಗಿದಾಗ ಇನ್ನೊಮ್ಮೆ ಎಲ್ಲರೂ ಕೂತು ಹಿಂತಿರುಗಿ ನೋಡುತ್ತೇವೆ. ಮೊದಲೆಲ್ಲ ಇದು ಬಾಯಿಮಾತಲ್ಲೇ ಆಗುತ್ತಿತ್ತು. ನಿರ್ದೇಶಕರು ಮಾತು ಶುರು ಮಾಡುತ್ತಿದ್ದರು, ಉಳಿದವರ ಮಾತೂ ಅದೇ ದಾರಿ ಹಿಡಿಯುತ್ತಿತ್ತು. ಅವರೇನೂ ಯಾರ ಬಾಯಿ ಮುಚ್ಚಿಸುವವರಲ್ಲ. ಆದರೂ ಹಾಗೇ ಆಗುತ್ತಿತ್ತು.

ಬೋರ್ಡ್‌ಗೆ ಬಂದ ಮೇಲೆ ನಡೆದ ಒಂದು ಸಭೆ ಹೇಳಲೇಬೇಕು. ಟೈಮರ್ ಮುಗಿದು ಚೀಟಿಗಳು ತೆರೆದುಕೊಂಡವು. ಸೌಂಡ್ ನೋಡಿಕೊಳ್ಳುವವರು ಬರೆದಿದ್ದರು: "ಎರಡನೇ ಕಟ್‌ನಲ್ಲಿ ಸಂಗೀತ ಮಾತನ್ನು ನುಂಗ್ತಿದೆ ಅನ್ನಿಸ್ತು. ಆಗ ಹೇಳಲಿಲ್ಲ." ಪಕ್ಕದಲ್ಲೇ ಸ್ಕ್ರಿಪ್ಟ್ ಬರೆದವರ ಚೀಟಿ, ಹೆಚ್ಚು ಕಡಿಮೆ ಅದೇ ಮಾತು. ಕ್ಯಾಮೆರಾದವರದ್ದೂ ಅದೇ. ಪ್ರತಿಯೊಬ್ಬರೂ ಇದು ತಮಗೊಬ್ಬರಿಗೇ ಅನ್ನಿಸಿದ್ದು ಅಂದುಕೊಂಡು ಸುಮ್ಮನಿದ್ದರು. ಆಗಲೇ ಯಾಕೆ ಬಾಯಿ ಬಿಡಲಿಲ್ಲ ಅಂತ ಅವತ್ತು ತುಂಬಾ ಹೊತ್ತು ಮಾತಾಡಿದೆವು. ಈಗ ಯಾವ ಕಟ್ ನೋಡಿದರೂ, ದೀಪ ಹಾಕಿದ ಕೂಡಲೇ ಯಾರೂ ಮಾತಾಡುವುದಿಲ್ಲ. ಮೊದಲು ಎಲ್ಲರೂ ಬರೆಯುತ್ತೇವೆ.

ಹೆಸರು ಮುಚ್ಚಿ ಬರೆಯುವ ಸೌಲಭ್ಯವನ್ನು ಮಾತ್ರ ನಾವು ನಿಲ್ಲಿಸಿದೆವು. ಸಣ್ಣ ತಂಡದಲ್ಲಿ ಬರೆಯುವ ಧಾಟಿ ನೋಡಿದರೇ ಯಾರು ಅಂತ ಗೊತ್ತಾಗುತ್ತದೆ, ಅಲ್ವಾ? ಸುಮ್ನೆ ಊಹೆಗಳು ಜಾಸ್ತಿಯಾಗುತ್ತವೆ. ಚಿತ್ರದ ಬಗ್ಗೆ ಒಬ್ಬರು ಏನೋ ಹೇಳಿದಾಗ "ಸ್ವಲ್ಪ ಬಿಡಿಸಿ ಹೇಳಿ" ಅಂತ ಕೇಳುವುದಕ್ಕೂ ಆ ವ್ಯಕ್ತಿ ಯಾರು ಅಂತ ಗೊತ್ತಿರಬೇಕು.

ರೆಡಿಮೇಡ್ ಟೆಂಪ್ಲೇಟ್‌ಗಳ ಬಗ್ಗೆ ನನ್ನ ತಕರಾರಿದೆ. ಹೆಚ್ಚಿನವು ಸಾಫ್ಟ್‌ವೇರ್ ತಂಡಗಳಿಂದ ಬಂದಂಥವು. ಸಾಫ್ಟ್‌ವೇರ್ ಮಾಡುವ ರೀತಿಯ ಬಗ್ಗೆ 2001ರಲ್ಲಿ ಬಂದ ಅಜೈಲ್ ಮ್ಯಾನಿಫೆಸ್ಟೋ ಅನ್ನುವ ಘೋಷಣೆಯ ಜೊತೆಗಿರುವ 12 ತತ್ವಗಳಲ್ಲಿ ಕೊನೆಯದು ಇದೇ: ತಂಡ ಆಗಾಗ ನಿಂತು, ತನ್ನ ಕೆಲಸ ಇನ್ನೂ ಚೆನ್ನಾಗಿ ಆಗುವುದು ಹೇಗೆ ಅಂತ ಯೋಚಿಸಿ, ಅದಕ್ಕೆ ತಕ್ಕಂತೆ ಬದಲಾಗಬೇಕು. ಒಳ್ಳೆಯ ಮಾತೇ. ಆದರೆ "ಶುರು ಮಾಡೋಣ, ನಿಲ್ಲಿಸೋಣ, ಮುಂದುವರಿಸೋಣ" ಅನ್ನುವ ಮೂರು ಕಾಲಂಗಳಲ್ಲಿ ಕೆಲಸ ನಡೆದ ರೀತಿ ಹಿಡಿಯುತ್ತದೆ, ಚಿತ್ರ ಹಿಡಿಯುವುದಿಲ್ಲ. ಡೆಡ್‌ಲೈನ್ ತಪ್ಪಿದ್ದಕ್ಕೂ ಕೊನೆಯ ದೃಶ್ಯ ಮನಸ್ಸಿಗೆ ತಟ್ಟದೇ ಹೋಗಿದ್ದಕ್ಕೂ ಒಂದೇ ಕಾಲಂ ಸಾಲದು. ಹಾಗಾಗಿ ನಾವು ಎರಡು ಬೋರ್ಡ್ ಇಟ್ಟಿದ್ದೇವೆ. ಒಂದು ಕೆಲಸದ ರೀತಿಗೆ, ಇನ್ನೊಂದು ಚಿತ್ರಕ್ಕೆ.

ಚಿತ್ರದ ಬೋರ್ಡ್ ಅನ್ನು ಲಿಜ್ ಲರ್ಮನ್ ಅವರ ಪದ್ಧತಿಯ ಮೇಲೆ ಕಟ್ಟಿಕೊಂಡೆವು. ಅವರು ಅಮೆರಿಕದ ನೃತ್ಯ ಸಂಯೋಜಕಿ. ಅಪೂರ್ಣ ಕೃತಿಗಳಿಗೆ ಪ್ರತಿಕ್ರಿಯೆ ಕೊಡಲೆಂದು 1990ರಲ್ಲಿ ಇದನ್ನು ರೂಪಿಸಿದರು. ನಾಲ್ಕು ಹಂತ. ನೋಡಿದವರು ತಮಗೆ ಯಾವುದು ನಾಟಿತು ಅಂತ ಹೇಳುತ್ತಾರೆ. ಆಮೇಲೆ ಮಾಡಿದವರೇ ಪ್ರಶ್ನೆ ಕೇಳುತ್ತಾರೆ. ನಂತರ ನೋಡಿದವರು ಪ್ರಶ್ನೆ ಕೇಳುತ್ತಾರೆ, ಆದರೆ ಅದರಲ್ಲಿ ಅಭಿಪ್ರಾಯ ಬೆರೆತಿರಬಾರದು. ಅಭಿಪ್ರಾಯ ಕೊನೆಗೆ, ಅದೂ ಒಪ್ಪಿಗೆ ಕೇಳಿ. ಬೋರ್ಡ್‌ನಲ್ಲಿ ನಾಲ್ಕು ಚೌಕ ಮಾಡಿ, ಮುಂದಿನದನ್ನು ಲಾಕ್ ಮಾಡಿಟ್ಟರೆ ಆಯಿತು. ಮೂರನೇ ಚೌಕವೇ ಕಷ್ಟ. "ಆರಂಭ ಯಾಕಿಷ್ಟು ಉದ್ದ?" ಅಂದರೆ ಅದು ಪ್ರಶ್ನೆಯ ವೇಷದ ಅಭಿಪ್ರಾಯ. "ಮೊದಲ ನಿಮಿಷದಲ್ಲಿ ನೋಡುವವರಿಗೆ ಏನು ಗೊತ್ತಾಗಬೇಕು ಅಂತ ಇತ್ತು?" ಅಂತ ಕೇಳಿದಾಗ ಎಡಿಟರ್ ಯೋಚಿಸಿ, ಅಲ್ಲಿ ಎರಡು ಶಾಟ್ ಬೇಕಾಗಿಯೇ ಇರಲಿಲ್ಲ ಅಂತ ತಾವೇ ಹೇಳಿದರು. ಚೀಟಿಯಲ್ಲಿ ಬರೆಯುವಾಗ ಪ್ರಶ್ನೆಯನ್ನು ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಬಾಯಿಂದ ಬಿದ್ದ ಮಾತಿಗೆ ಅದು ಸಿಗುವುದಿಲ್ಲ.

ಚೀಟಿಗಳಿಗೆ ವೋಟ್ ಹಾಕುವುದು ಕೆಲಸದ ಬೋರ್ಡ್‌ಗೆ ಸರಿ. ಚಿತ್ರದ ಬೋರ್ಡ್‌ಗೆ ಬೇಡ.

ಈಗ ಚೀಟಿಗಳನ್ನು ತಾನೇ ಗುಂಪು ಮಾಡಿ ಸಾರಾಂಶ ಬರೆಯುವ ಎಐ ಬಂದಿದೆ. ಸಮಯ ಉಳಿಯುತ್ತದೆ, ನಿಜ. ಆದರೆ ಒಮ್ಮೆ ಒಬ್ಬರು "ಅಜ್ಜಿ ಏನೂ ಮಾತಾಡದೆ ಕೂತಿದ್ದ ಶಾಟ್ ಕತ್ತರಿಸಬಾರದಿತ್ತು" ಅಂತ ಬರೆದಿದ್ದರು. ಅದು "ಎಡಿಟಿಂಗ್ ಮತ್ತು ಸಮಯ" ಅನ್ನುವ ಗುಂಪಿಗೆ ಹೋಗಿ ಸೇರಿತು, ಸಾರಾಂಶದಲ್ಲಿ ಅಜ್ಜಿಯೇ ಇಲ್ಲ! ಒಂಟಿ ಚೀಟಿಯೇ ನಮ್ಮಂಥವರಿಗೆ ಮುಖ್ಯ. ಅದಕ್ಕೇ ಗುಂಪು ಮಾಡುವ ಕೆಲಸ ನಾವೇ ಮಾಡುತ್ತೇವೆ. ಚೀಟಿ ಎಳೆದು ಜೋಡಿಸುತ್ತಾ ನಡೆಯುವ ಮಾತಲ್ಲೇ ಅರ್ಧ ಹಿನ್ನೋಟ ಆಗಿರುತ್ತದೆ.

ದೊಡ್ಡ ಕೊರತೆ ಅಂದರೆ ಹಳೆಯ ಬೋರ್ಡ್‌ಗಳನ್ನು ಯಾರೂ ತೆರೆದು ನೋಡುವುದಿಲ್ಲ. ಪ್ರತಿ ಸಭೆಯ ಕೊನೆಗೆ ಒಂದೇ ಒಂದು ತೀರ್ಮಾನ, ಅದನ್ನು ನೋಡಿಕೊಳ್ಳುವವರ ಹೆಸರಿನ ಜೊತೆ, ಮುಂದಿನ ಚಿತ್ರದ ಮೊದಲ ಪುಟಕ್ಕೆ ಹೋಗಬೇಕು ಅಂತ ಮಾಡಿಕೊಂಡಿದ್ದೇವೆ. ಇನ್ನು, ಎಲ್ಲವನ್ನೂ ಒಂದು ಕಂಪನಿಯ ಸರ್ವರ್‌ನಲ್ಲೇ ಬಿಟ್ಟಿರಬೇಡಿ. ಗೂಗಲ್‌ನ ವೈಟ್‌ಬೋರ್ಡ್ ಜಾಮ್‌ಬೋರ್ಡ್ 2024ರ ಕೊನೆಗೆ ನಿಂತೇ ಹೋಯಿತು. ಪಿಡಿಎಫ್ ಮಾಡಿಟ್ಟರೆ ದೊಡ್ಡ ಬೋರ್ಡ್‌ನ ಅಕ್ಷರ ಕಣ್ಣಿಗೆ ಕಾಣದಷ್ಟು ಚಿಕ್ಕದಾಗುತ್ತದೆ, ಹಾಗಾಗಿ ಚೀಟಿಗಳ ಪಠ್ಯವನ್ನೂ ಬೇರೆಯಾಗಿ ಇಳಿಸಿಕೊಳ್ಳಿ.

ವಿಡಿಯೋ ತಂಡಗಳಿಗೆ ಇನ್ನೊಂದು ಮಾತು. ಚಿತ್ರ ಒಂದು ಕಡೆ, ಚೀಟಿ ಇನ್ನೊಂದು ಕಡೆ ಇರುವುದರಿಂದ ಯಾವ ಜಾಗದ ಮಾತು ಅಂತ ವಾರ ಕಳೆದರೆ ಗೊತ್ತಾಗುವುದಿಲ್ಲ. ಪ್ರತಿ ಚೀಟಿಯ ತಲೆಯಲ್ಲಿ ಕಟ್‌ನ ಸಂಖ್ಯೆ ಮತ್ತು ಟೈಮ್‌ಕೋಡ್ (ಚಿತ್ರದ ಎಷ್ಟನೇ ನಿಮಿಷ, ಸೆಕೆಂಡ್ ಅಂತ) ಬರೆಯಿರಿ: "ಕಟ್ 2, 04:10". ನಾವು ಹೀಗೇ ಮಾಡುತ್ತಿದ್ದೇವೆ.