ನಾಲ್ಕು ವರ್ಷ, ವಾರಕ್ಕೊಂದು ಬ್ರಷ್ ವಾಶ್: ನನ್ನ ಕಪ್ಪು ಕಾರಿನ ಗೀರುಗಳು ಯಾರದ್ದು?

ಕಪ್ಪು ಕಾರು, ವಾರಕ್ಕೊಂದು ಆಟೊಮ್ಯಾಟಿಕ್ ವಾಶ್, ನಾಲ್ಕು ವರ್ಷ. ಇಷ್ಟು ಹೇಳಿದರೆ ಸಾಕು, ಕಾರಿನ ಹುಚ್ಚಿರುವ ಗೆಳೆಯರು ನನ್ನನ್ನು ಪಾಪಿಯ ಥರ ನೋಡುತ್ತಾರೆ. "ಬಣ್ಣ ಎಲ್ಲಾ ಹಾಳು ಮಾಡ್ಕೊಂಡೆ" ಅಂತ ಒಬ್ಬ. "ಅದು ವಾಶ್ ಅಲ್ಲ, ಮರಳು ಕಾಗದದಲ್ಲಿ ಉಜ್ಜೋದು" ಅಂತ ಇನ್ನೊಬ್ಬ. ಅವರು ಹೇಳಿದ್ದು ಅರ್ಧ ನಿಜ. ಉಳಿದ ಅರ್ಧ ಗೊತ್ತಾಗಲು ನನಗೆ ಎರಡು ವರ್ಷಕ್ಕಿಂತ ಜಾಸ್ತಿ ಬೇಕಾಯಿತು.

ಮೊದಲು ನನ್ನ ಪರಿಸ್ಥಿತಿ ಹೇಳಿಬಿಡುತ್ತೇನೆ. ನಾನಿರುವುದು ಮೂರನೇ ಮಹಡಿಯಲ್ಲಿ. ಕಾರು ನಿಲ್ಲುವ ನೆಲಮಾಳಿಗೆಯಲ್ಲಿ ನಲ್ಲಿ ಇಲ್ಲ. ಬಕೆಟ್ ಹೊತ್ತು ಇಳಿಯುವ ಉತ್ಸಾಹ ಹೊಸ ಕಾರು ಬಂದ ಮೊದಲ ತಿಂಗಳು ಇತ್ತು. ಆಮೇಲೆ ಸೊಂಟ ನೋವು, ಅಥವಾ ಸೋಮಾರಿತನ, ಎರಡರಲ್ಲಿ ಒಂದು. ಹಾಗಾಗಿ ಮಷಿನ್. ನಾನು ಹೋಗುವಲ್ಲಿ ಕಾರು ನಿಂತಲ್ಲೇ ನಿಂತಿರುತ್ತದೆ. ದೊಡ್ಡ ಬಾಗಿಲಿನ ಚೌಕಟ್ಟಿನಂಥ ಮಷಿನ್ ಹಿಂದೆ ಮುಂದೆ ಓಡಾಡುತ್ತದೆ. ಎರಡು ಪಕ್ಕಕ್ಕೆ ನಿಂತ ಬ್ರಷ್‌ಗಳು, ಮೇಲೊಂದು ಮಲಗಿದ ಬ್ರಷ್. ಹಳೇ ಕಾಲದ ಒರಟು ನೈಲಾನ್ ಕೂದಲಲ್ಲ, ಮೆತ್ತನೆಯ ಫೋಮ್ ಪಟ್ಟಿಗಳು.

ಒಂದು ಮಾತು ಒಪ್ಪಿಕೊಳ್ಳಬೇಕು. ನನಗೆ ಆ ಎಂಟು ನಿಮಿಷ ತುಂಬಾ ಇಷ್ಟ. ಕನ್ನಡಿ ಮಡಚಿ, ಗಾಜು ಏರಿಸಿ, ಕಾರು ಆಫ್ ಮಾಡಿ, ಒಳಗೇ ಕೂರುತ್ತೇನೆ. ಮೊದಲು ಸಣ್ಣ ಮಳೆ ಬಿದ್ದಂತೆ ನೀರು. ಆಮೇಲೆ ನೊರೆ ಬಂದು ಒಂದೊಂದೇ ಗಾಜನ್ನು ಮುಚ್ಚುತ್ತದೆ, ಒಳಗೆ ಬೆಳ್ಳನೆಯ ಕತ್ತಲೆ. ಆಗ ಬ್ರಷ್ ಶುರು. ಪಟಪಟ ಅಂತ ಬಾಗಿಲಿಗೆ ಹೊಡೆಯುತ್ತಾ ಬಂದು, ಬಾನೆಟ್ ಹತ್ತಿ, ಮುಂದಿನ ಗಾಜು ಹತ್ತಿ, ತಲೆಯ ಮೇಲೆ ಗುಡುಗುತ್ತಾ ಹಿಂದಕ್ಕೆ ಹೋಗುತ್ತದೆ. ಮಗಳು ಜೊತೆಗಿದ್ದರೆ ಪ್ರತಿ ಸಲವೂ ಕಿರುಚುತ್ತಾಳೆ. ಕೊನೆಗೆ ಗಾಳಿ. ಗಾಜಿನ ಮೇಲಿನ ಹನಿಗಳು ಇರುವೆ ಸಾಲಿನ ಹಾಗೆ ಸರಸರ ಮೇಲಕ್ಕೆ ಓಡುವುದನ್ನು ನೋಡುವುದಕ್ಕೆಂದೇ ನಾನು ಫೋನ್ ಬದಿಗಿಡುತ್ತೇನೆ. ವಾರದಲ್ಲಿ ಯಾರೂ ನನ್ನನ್ನು ಏನೂ ಕೇಳದ ಎಂಟು ನಿಮಿಷ ಅದೊಂದೇ.

ಒಂದು ಸಲ ಕಾರು ಆಫ್ ಮಾಡುವುದನ್ನು ಮರೆತೆ, ವೈಪರ್ ಆಟೊದಲ್ಲೇ ಇತ್ತು. ನೀರು ಬಿದ್ದ ತಕ್ಷಣ ಮಳೆ ಬಂತು ಅಂದುಕೊಂಡು ವೈಪರ್ ಎದ್ದು ಬ್ರಷ್ ಜೊತೆ ಜಗಳಕ್ಕೆ ನಿಂತಿತು. ರಬ್ಬರ್ ಪಟ್ಟಿ ಕಿತ್ತುಬಂತು. ಅದು ನನ್ನದೇ ತಪ್ಪು, ಮಷಿನ್ ಲೆಕ್ಕಕ್ಕೆ ಹಾಕುವುದಿಲ್ಲ.

ಎರಡು ವರ್ಷ ಹೀಗೆ ಖುಷಿಯಾಗಿ ನಡೆಯಿತು. ಆಮೇಲೆ ಒಂದು ರಾತ್ರಿ ಪೆಟ್ರೋಲ್ ಹಾಕಿಸಲು ನಿಂತಿದ್ದೆ. ನೆತ್ತಿಯ ಮೇಲೆ ಒಂದು ಪ್ರಖರವಾದ ಎಲ್‌ಇಡಿ ದೀಪ. ಬಾನೆಟ್ ಮೇಲೆ ಕಣ್ಣು ಬಿತ್ತು. ದೀಪದ ಪ್ರತಿಬಿಂಬದ ಸುತ್ತ ಜೇಡ ಬಲೆ ಹೆಣೆದಂತೆ ಸಾವಿರಾರು ಸಣ್ಣ ಗೀರುಗಳು. ಎಲ್ಲಾ ದುಂಡಗೆ, ಒಂದರೊಳಗೊಂದು. ಹಗಲಲ್ಲಿ ನೆರಳಿನಲ್ಲಿ ನೋಡಿದರೆ ಏನೂ ಇಲ್ಲ, ಕನ್ನಡಿ ಥರ ಮಿಂಚುತ್ತದೆ. ಒಂದೇ ಬಿಂದುವಿನಿಂದ ಬರುವ ಬೆಳಕಿನಲ್ಲಿ ಮಾತ್ರ ಈ ಬಲೆ. ಇದನ್ನೇ ಸ್ವರ್ಲ್ ಮಾರ್ಕ್ ಅನ್ನುವುದು.

ಹೊಟ್ಟೆ ಉರಿದುಹೋಯಿತು. ದುಂಡಗಿನ ಗೀರು, ದುಂಡಗೆ ತಿರುಗುವ ಬ್ರಷ್. ಲೆಕ್ಕ ಸುಲಭ ಅಲ್ವಾ?

ಅವತ್ತು ರಾತ್ರಿ ಮಲಗದೆ ಕಾರಿನ ಬಣ್ಣದ ಬಗ್ಗೆ ಓದಿದೆ. ಓದಿ ಇನ್ನೂ ಹೆದರಿಕೆಯಾಯಿತು. ತಗಡಿನ ಮೇಲಿನ ಪ್ರೈಮರ್, ಬಣ್ಣ, ಅದರ ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್, ಎಲ್ಲಾ ಸೇರಿ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಹೊಳಪು ಕೊಡುವ ಕ್ಲಿಯರ್ ಕೋಟ್ ಪಾಲು ಸುಮಾರು 40 ಮೈಕ್ರಾನ್. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ಇರುತ್ತದೆ. ಅಂದರೆ ನಾನು ವಾರವಾರ ಬ್ರಷ್‌ಗೆ ಒಡ್ಡುತ್ತಿದ್ದದ್ದು ಕೂದಲಿಗಿಂತ ತೆಳ್ಳಗಿನ ಪದರವನ್ನು. ಈ ಸಣ್ಣ ಗೀರುಗಳೆಲ್ಲ ಆ ಪದರದಲ್ಲೇ ಇರುವುದು. ಉಗುರಿಗೆ ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ಕಥೆ ಬೇರೆ. ನನ್ನವು ಸಿಗುತ್ತಿರಲಿಲ್ಲ. ಅದೊಂದೇ ಸಮಾಧಾನ.

ಮಷಿನ್ ಬಿಟ್ಟೆ. ಮೂರು ತಿಂಗಳು ಟಚ್‌ಲೆಸ್ ವಾಶ್‌ಗೆ ಹೋದೆ. ಅದರಲ್ಲಿ ಬ್ರಷ್ಷೇ ಇಲ್ಲ, ಬರೀ ಜೋರಿನ ನೀರು ಮತ್ತು ಖಾರವಾದ ರಾಸಾಯನಿಕ. ಉಜ್ಜುವುದಿಲ್ಲ ಅಂದಮೇಲೆ ಕೊಳೆಯನ್ನು ರಾಸಾಯನಿಕವೇ ಎಬ್ಬಿಸಬೇಕು, ಆದ್ದರಿಂದ ಅದು ಮನೆಯಲ್ಲಿ ಬಳಸುವ ಕಾರ್ ಶಾಂಪೂಗಿಂತ ತೀಕ್ಷ್ಣ. ಹೊಸ ಗೀರಿಲ್ಲ, ನಿಜ. ಆದರೆ ನಾನು ಹಾಕಿದ್ದ ವ್ಯಾಕ್ಸ್ ಬೇಗ ಹೋಯಿತು. ಮುತ್ತಿನಂತೆ ನಿಲ್ಲುತ್ತಿದ್ದ ನೀರು ಚಪ್ಪಟೆಯಾಗಿ ಹರಡತೊಡಗಿತು. ಇನ್ನೊಂದು ತಾಪತ್ರಯ, ವಾಶ್ ಆಗಿ ಹೊರಗೆ ಬಂದ ಮೇಲೂ ಬೆರಳೆಳೆದರೆ ಗೆರೆ ಮೂಡುತ್ತಿತ್ತು. ರಸ್ತೆಯ ಎಣ್ಣೆ ಜಿಡ್ಡಿನ ಜೊತೆ ಸೇರಿದ ಒಂದು ತೆಳು ಬೂದು ಪೊರೆ ಮುಟ್ಟದೆ ಹೋಗುವುದೇ ಇಲ್ಲ. ಅದನ್ನು ಏನು ಮಾಡುತ್ತಿದ್ದೆ? ಡಿಕ್ಕಿಯಿಂದ ಹಳದಿ ಬಟ್ಟೆ ತೆಗೆದು ಒರೆಸುತ್ತಿದ್ದೆ.

ಆ ಹಳದಿ ಬಟ್ಟೆಯನ್ನು ನೆನಪಿಟ್ಟುಕೊಳ್ಳಿ.

ಕೊನೆಗೆ ಪಾಲಿಷ್ ಮಾಡಿಸೋಣ ಅಂತ ಹೋದೆ. ಕೆಲಸದವರು ಮಾತಾಡದೆ ಕೈಯಲ್ಲಿ ಟಾರ್ಚ್ ಹಿಡಿದು ಕಾರಿನ ಸುತ್ತ ಎರಡು ಸುತ್ತು ಹಾಕಿದರು. ಒಂದು ಸ್ಟೂಲ್ ಎಳೆದುಕೊಂಡು ಮೇಲೆ ಹತ್ತಿ ರೂಫ್ ನೋಡಿದರು. ಇಳಿದು ಕೇಳಿದ್ದು ಒಂದೇ ಪ್ರಶ್ನೆ.

"ಸರ್, ರೂಫ್ ನೀವು ಒರೆಸ್ತೀರಾ?"

"ಇಲ್ಲಪ್ಪ, ನಡು ಭಾಗಕ್ಕೆ ಕೈ ಎಟುಕಲ್ಲ."

"ಹಾಗಾದ್ರೆ ಮೇಲಿರೋದು ಮಷಿನ್ ಗೀರು. ಬಾನೆಟ್ ಮೇಲಿರೋದು ಜಾಸ್ತಿ ನಿಮ್ಮದೇ."

ನನಗೆ ಸಿಟ್ಟು ಬಂತು. ಅವರು ಸ್ಟೂಲ್ ಮೇಲೆ ನನ್ನನ್ನೇ ಹತ್ತಿಸಿದರು. ಟಾರ್ಚನ್ನು ಕಾರಿನ ಪಕ್ಕದಿಂದ ಹಿಡಿದಾಗ ರೂಫ್ ತುಂಬಾ ನೇರ ಗೆರೆಗಳು ಕಂಡವು. ಮುಂದಿನಿಂದ ಹಿಡಿದಾಗ ಹೆಚ್ಚು ಕಡಿಮೆ ಮಾಯ. ಅಂದರೆ ಎಲ್ಲಾ ಗೆರೆ ಒಂದೇ ದಿಕ್ಕಿಗಿವೆ, ಮುಂದಿನಿಂದ ಹಿಂದಕ್ಕೆ. ಮೇಲಿನ ಬ್ರಷ್ ಉರುಳುವುದು ಆ ದಿಕ್ಕಿಗೇ ತಾನೆ. ಬಾಗಿಲಿನ ಮೇಲೂ ಅಂಥ ನೇರ ಗೆರೆಗಳಿದ್ದವು, ಅಡ್ಡಡ್ಡ. ಪಕ್ಕದ ಬ್ರಷ್ ನಿಂತು ತಿರುಗುತ್ತದೆ, ಅದರ ಗೆರೆ ಹಾಗೇ ಬೀಳಬೇಕು. ಆದರೆ ಬಾನೆಟ್ ಮೇಲೆ ಟಾರ್ಚ್ ಎಲ್ಲಿಂದ ಹಿಡಿದರೂ ಗೀರು. ಎಲ್ಲಾ ದಿಕ್ಕಿಗೂ, ಕಮಾನಿನಂತೆ ಬಾಗಿದವು, ಒಂದರ ಮೇಲೊಂದು. ಯಾವ ಮಷಿನ್ನೂ ಹಾಗೆ ಉಜ್ಜುವುದಿಲ್ಲ. ಭುಜವನ್ನು ಕೇಂದ್ರ ಮಾಡಿಕೊಂಡು ಬೀಸುವ ಕೈ ಮಾತ್ರ ಹಾಗೆ ಉಜ್ಜುತ್ತದೆ.

ಪೆಟ್ರೋಲ್ ಬಂಕಿನ ದೀಪದಲ್ಲಿ ದುಂಡಗೆ ಕಂಡದ್ದು? ಅದು ಬೆಳಕಿನ ಆಟ. ಗೀರುಗಳು ಎಲ್ಲಾ ದಿಕ್ಕಿಗಿದ್ದರೆ, ದೀಪದ ಸುತ್ತ ವರ್ತುಲದಂತೆ ಅಡ್ಡ ಬರುವವು ಮಾತ್ರ ಮಿನುಗುತ್ತವೆ, ಉಳಿದವು ಕಣ್ಣಿಗೆ ಬೀಳುವುದಿಲ್ಲ. ದೀಪ ಸರಿದರೆ ಬಲೆಯೂ ಅದರ ಜೊತೆ ಸರಿಯುತ್ತದೆ. ಸುಮ್ನೆ ಬ್ರಷ್ ದುಂಡಗೆ ತಿರುಗುತ್ತದೆ ಅಂತ ಎರಡು ಸೇರಿಸಿ ಕಥೆ ಕಟ್ಟಿದ್ದು ನಾನು.

ಈಗ ಹಳದಿ ಬಟ್ಟೆಯ ವಿಷಯ. ದಿನಾ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಕಾರಿನ ಮೇಲಿನ ಧೂಳನ್ನು ಒಣ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಎರಡೇ ನಿಮಿಷ. ಬಾನೆಟ್, ಮುಂದಿನ ಬಾಗಿಲು, ಡಿಕ್ಕಿ. ಕಾರಿನ ಮೇಲೆ ನನಗೆ ಎಷ್ಟು ಪ್ರೀತಿ ಅಂತ ತೋರಿಸುವ ಎರಡು ನಿಮಿಷ. ಮೊದಲು ನೀರು ಹಾಕುತ್ತಿರಲಿಲ್ಲ, ಶಾಂಪೂ ಇಲ್ಲ. ಧೂಳಿನಲ್ಲಿ ಮರಳಿನ ಕಣ ಇರುತ್ತದೆ. ಮರಳು ಗಾಜಿಗಿಂತ ಗಟ್ಟಿ, ಕ್ಲಿಯರ್ ಕೋಟ್ ಅದರ ಮುಂದೆ ಬೆಣ್ಣೆ. ಒರೆಸಿ ಮುಗಿದ ಮೇಲೆ ಬಟ್ಟೆಯನ್ನು ಜಾಕ್ ಪಕ್ಕಕ್ಕೆ ತುರುಕುತ್ತಿದ್ದೆ. ಒಗೆದದ್ದು ಯಾವಾಗ ಅಂತ ನೆನಪೇ ಇಲ್ಲ. ಮಷಿನ್ ವಾರಕ್ಕೊಂದು ಸಲ ನೀರು, ನೊರೆ ಹಾಕಿ ಉಜ್ಜಿತು. ನಾನು ವಾರಕ್ಕೆ ಆರು ಸಲ ಒಣಗಿದ್ದರಲ್ಲೇ ಉಜ್ಜಿದೆ.

ಹಾಗಂತ ಮಷಿನ್ ಸಾಚಾ ಅಲ್ಲ. ರೂಫ್ ಮೇಲಿನ ಗೆರೆಗಳನ್ನು ನಾನೇ ಕಣ್ಣಾರೆ ನೋಡಿದ್ದೇನಲ್ಲ. ಪಾಲಿಷ್ ಆದ ಮೇಲೆ ಮತ್ತೆ ಮಷಿನ್‌ಗೆ ಹೋದಾಗ, ಅದು ನಿಂತಿರುವ ಹೊತ್ತಿನಲ್ಲಿ ಬ್ರಷ್ ಹತ್ತಿರ ಹೋಗಿ ಫೋಮ್ ಪಟ್ಟಿಗಳನ್ನು ಬಿಡಿಸಿ ನೋಡಿದೆ. ತುದಿಯೆಲ್ಲ ಮೆತ್ತಗೆ, ಶುಭ್ರ. ಬುಡದಲ್ಲಿ, ಪಟ್ಟಿ ಕೋಲಿಗೆ ಸೇರುವಲ್ಲಿ, ಬೆರಳಿಗೆ ಕರಕರ ಸಿಕ್ಕಿತು. ನನಗಿಂತ ಮುಂಚೆ ಬಂದವರ ರಸ್ತೆ. ಈ ಫೋಮ್ ನೀರು ಹೀರುವುದಿಲ್ಲ, ಬಟ್ಟೆಯಷ್ಟು ಮಣ್ಣನ್ನು ಹಿಡಿದಿಟ್ಟುಕೊಳ್ಳುವುದೂ ಇಲ್ಲ, ಅದು ಸರಿ. ಆದರೆ ಕೆಸರು ಮೆತ್ತಿದ ಗಾಡಿ ಒಂದು ಒಳಗೆ ಹೋಗಿ ಬಂದರೆ ಮುಂದಿನ ಒಂದೆರಡು ಕಾರಿಗೆ ಅದರ ಪ್ರಸಾದ ಸಿಗುತ್ತದೆ.

ಇಲ್ಲೇ ನನ್ನ ನಿಜವಾದ ದೂರು ಇರುವುದು. ಬ್ರಷ್ ಬೀಳುವ ಮುಂಚೆ ಜೋರಿನ ನೀರಿನಲ್ಲಿ ಮಣ್ಣು ಇಳಿಸಬೇಕು. ಅದೇ ಇಡೀ ವಾಶ್‌ನ ಪ್ರಾಣ. ನಾನು ಹೋಗುವ ಕಡೆ ಆ ಕೆಲಸಕ್ಕೆ ಒಬ್ಬ ಹುಡುಗ ಗನ್ ಹಿಡಿದು ನಿಂತಿರುತ್ತಾನೆ. ಸಾಲು ಉದ್ದವಾದರೆ ಗನ್ ಕೆಳಗಿಟ್ಟು ಬರೀ ಕೈ ಬೀಸಿ ಒಳಗೆ ಕಳಿಸುತ್ತಾನೆ. ಕೇಳಿದರೆ "ಮಷಿನ್ನೇ ಮಾಡುತ್ತೆ ಸರ್" ಎಂಬ ಉತ್ತರ. ಮಷಿನ್ ಮಾಡುವುದು ಆ ಮಣ್ಣನ್ನೇ ನನ್ನ ಬಾಗಿಲಿಗೆ ಉಜ್ಜುವ ಕೆಲಸ. ಹೊರಗೆ ಬಂದಮೇಲೆ ಇನ್ನೊಬ್ಬರು ಟವಲ್ ಹಿಡಿದು ಓಡಿ ಬರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ. ಆ ಟವಲ್ ನೆಲಕ್ಕೆ ಬಿದ್ದು, ಒಂದು ಸಲ ಕೊಡವಿಕೊಂಡು ಮತ್ತೆ ಕಾರಿಗೆ ಬಂದದ್ದನ್ನು ನೋಡಿದ ಮೇಲೆ ಗಾಜು ಇಳಿಸಿ "ಬೇಡ ಬೇಡ, ಹಾಗೇ ಇರಲಿ" ಅಂತ ಕೂಗುವುದು ಅಭ್ಯಾಸವಾಗಿದೆ.

ಪಾಲಿಷ್ ಬಗ್ಗೆ ಒಂದು ಮಾತು. ಗೀರು ತುಂಬುವುದಿಲ್ಲ ಅದು, ಗೀರಿನ ಸುತ್ತಲಿನ ಪದರವನ್ನೇ ಸವೆಸಿ ಸಮ ಮಾಡುತ್ತದೆ. ಮೀಟರ್ ಇಟ್ಟು ತೋರಿಸಿದರು, ಬಾನೆಟ್ ಮೇಲೆ 112 ಮೈಕ್ರಾನ್ ಇದ್ದದ್ದು ಕೆಲಸ ಮುಗಿದ ಮೇಲೆ 109. ಮೂರು ಮೈಕ್ರಾನ್ ಕ್ಲಿಯರ್ ಕೋಟ್ ಹೋಯಿತು, ವಾಪಸ್ ಬರುವುದಿಲ್ಲ. ವರ್ಷ ವರ್ಷ ಮಾಡಿಸುವ ಶೋಕಿ ಅಲ್ಲ. ಅದಕ್ಕೆ ಕೊಟ್ಟ ದುಡ್ಡಿನಲ್ಲಿ ನನಗೆ ಒಂದು ವರ್ಷಕ್ಕಿಂತ ಜಾಸ್ತಿ ಮಷಿನ್ ವಾಶ್ ಆಗುತ್ತಿತ್ತು. ಆ ಲೆಕ್ಕ ಹಾಕಿದ ಮೇಲೆ ಸೆರಾಮಿಕ್ ಕೋಟಿಂಗ್, ಅಂದರೆ ಬಣ್ಣದ ಮೇಲೆ ಹಚ್ಚಿಸುವ ರಕ್ಷಣೆಯ ಪದರದ ಮಾತು ನಾನೇ ಎತ್ತಲಿಲ್ಲ. ವ್ಯಾಕ್ಸ್ ನಾನೇ ಹಚ್ಚುತ್ತೇನೆ, ಎರಡು ಮೂರು ತಿಂಗಳಿಗೊಮ್ಮೆ.

ಪಾಲಿಷ್ ಆಗಿ ಈಗ ಒಂದೂವರೆ ವರ್ಷ. ಹಳದಿ ಬಟ್ಟೆ ಕಸಕ್ಕೆ ಹೋಗಿದೆ. ಧೂಳು ಕೂತರೆ ಕೂರಲಿ ಅಂತ ಬಿಡುತ್ತೇನೆ, ಮೊದಲ ವಾರಗಳಲ್ಲಿ ಕೈ ತುರಿಸುತ್ತಿತ್ತು. ಮಷಿನ್‌ಗೆ ಹೋಗುವ ಮೊದಲು ಪಕ್ಕದಲ್ಲೇ ಇರುವ ನಾವೇ ತೊಳೆದುಕೊಳ್ಳುವ ಗನ್‌ನಿಂದ ಚಕ್ರದ ಸುತ್ತ, ಬಾಗಿಲಿನ ಕೆಳಭಾಗ, ಹಿಂದಿನ ಬಂಪರ್, ಇಷ್ಟಕ್ಕೆ ಮೇಲಿನಿಂದ ಕೆಳಕ್ಕೆ ಚೆನ್ನಾಗಿ ನೀರು ಹೊಡೆಯುತ್ತೇನೆ. ಐದು ನಿಮಿಷ. ಅಂಚಿನಲ್ಲಿ ಉಳಿದ ನೀರಿಗೆ ಒಗೆದ ಮೈಕ್ರೋಫೈಬರ್ ಬಟ್ಟೆ, ಉಜ್ಜದೆ ಒತ್ತಿ ತೆಗೆಯುವುದು. ಹೋದ ತಿಂಗಳು ನಾನೇ ಸ್ಟೂಲ್ ಹತ್ತಿ ಟಾರ್ಚ್ ಬಿಟ್ಟೆ. ರೂಫ್ ಮೇಲೆ ನೇರ ಗೆರೆಗಳು ಮತ್ತೆ ಬಂದಿವೆ, ಕೂದಲೆಳೆಯಷ್ಟು ಸಣ್ಣ. ಬಾನೆಟ್ ಮೇಲೂ ಅಂಥವೇ. ಬಾಗಿದ ಗೀರು ಹುಡುಕಿದರೆ ಅಲ್ಲೊಂದು ಇಲ್ಲೊಂದು. ಜೇಡರ ಬಲೆ ಇಲ್ಲ.

ಹಾನಿ ಇದೆಯಾ ಅಂದರೆ ಇದೆ. ನನಗೆ ಒಪ್ಪಿಗೆಯಾಗುವಷ್ಟು ನಿಧಾನ ಅಷ್ಟೆ. ಬಿಳಿ ಅಥವಾ ಬೆಳ್ಳಿ ಬಣ್ಣದ ಕಾರಿನವರು ಇಷ್ಟುದ್ದ ಓದಿದ್ದೇ ದಂಡ, ನಿಮಗೆ ಈ ಗೀರು ಕಾಣುವುದೇ ಕಷ್ಟ. ಮ್ಯಾಟ್ ಬಣ್ಣದವರು ಮಾತ್ರ ಆ ಕಡೆ ತಲೆ ಹಾಕಬೇಡಿ, ಅದನ್ನು ಪಾಲಿಷ್ ಮಾಡಿ ಸರಿಪಡಿಸಲು ಆಗುವುದೇ ಇಲ್ಲ. ಈಚೆಗೆ ಬಣ್ಣ ಹಾಕಿಸಿದವರು, ಮೈಮೇಲೆ ಸ್ಟಿಕ್ಕರ್ ಹೊದಿಕೆ ಹಾಕಿಸಿದವರು ಕೂಡ ತಡೆಯಿರಿ. ಮನೆಯಲ್ಲಿ ನಲ್ಲಿ, ಎರಡು ಬಕೆಟ್, ಮತ್ತು ಭಾನುವಾರ ಬೆಳಿಗ್ಗೆ ಇರುವ ಪುಣ್ಯವಂತರಿಗೆ ಕೈವಾಶೇ ಮೇಲು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಗೀರಿಗೆ ಹೆದರಿ ತೊಳೆಯದೇ ಬಿಡುವವರಿಗೆ ನನ್ನ ಡಿಕ್ಕಿಯ ಬಲ ಮೂಲೆ ತೋರಿಸಬೇಕು. ಮಷಿನ್ ಬಿಟ್ಟಿದ್ದ ಆ ಮೂರು ತಿಂಗಳಲ್ಲಿ ಒಂದು ಹಕ್ಕಿ ಹಿಕ್ಕೆ ಹಾಕಿತ್ತು. ಎರಡು ದಿನ ಬಿಸಿಲಲ್ಲಿ ಹಾಗೇ ಬಿಟ್ಟೆ. ನಾಣ್ಯದಷ್ಟು ದೊಡ್ಡ ಮಂಕು ಉಂಗುರ ಬಿತ್ತು. ಬಾನೆಟ್ ಪೂರ್ತಿ ಸರಿಹೋದ ಆ ಪಾಲಿಷ್‌ಗೂ ಅದು ಹೋಗಲಿಲ್ಲ. ಇವತ್ತಿಗೂ ಇದೆ.

ಮೊನ್ನೆ ಭಾನುವಾರ ಸಾಲಿನಲ್ಲಿ ನನ್ನ ಮುಂದೆ ಒಂದು ಜೀಪು, ಕಿಟಕಿಯವರೆಗೂ ಕೆಂಪು ಕೆಸರು. ಗನ್ ಹುಡುಗ ಎಂದಿನಂತೆ ಕೈ ಬೀಸಿ ಒಳಗೆ ಕಳಿಸಿದ. ನಾನು ಕಾರನ್ನು ಪಕ್ಕಕ್ಕೆಳೆದು ಹಿಂದಿನ ಎರಡು ಕಾರಿಗೆ ದಾರಿ ಬಿಟ್ಟೆ. ಮೊದಲನೆಯವರು ಗಾಜಿಳಿಸಿ ಥ್ಯಾಂಕ್ಸ್ ಬೇರೆ ಹೇಳಿದರು. ಬಿಳಿ ಕಾರು, ಪರವಾಗಿಲ್ಲ.