ಪೆಟ್ಟಿಗೆಯ ಮೇಲೆ 12 ಲೀಟರ್, ಪುಷ್ಯ ಮಳೆಯಲ್ಲಿ 5: ಮಲೆನಾಡಿನ ಮನೆಗೆ ಡಿಹ್ಯುಮಿಡಿಫೈಯರ್

ಆರಿದ್ರಾ ಹಿಡಿಯಿತೆಂದರೆ ಮೂಡಿಗೆರೆ, ಬಾಳೆಹೊನ್ನೂರು, ಸಕಲೇಶಪುರದ ಕಡೆ ಬೆಲ್ಟು, ಚಪ್ಪಲಿ, ಬೀರುವಿನ ರೇಷ್ಮೆ ಸೀರೆ, ಕೊನೆಗೆ ಬೀಟೆ ಮಂಚದ ಕಾಲಿಗೂ ಬೂಷ್ಟು. ಈ ಕಾಟಕ್ಕೆಂದು ಈಗ ಎಲ್ಲರೂ ವಿಚಾರಿಸುತ್ತಿರುವುದು ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ಹೀರುವ ಯಂತ್ರ. ಹೆಚ್ಚಾಗಿ ಕೊಳ್ಳುವ 12 ಲೀಟರಿನ ಕಂಪ್ರೆಸರ್ ಮಾದರಿಯನ್ನೇ ಇಲ್ಲಿ ಒರೆಗೆ ಹಚ್ಚಿದೆ. ಉಬ್ಬಸದವರು ಮಲಗುವ ಒಂದು ಕೋಣೆಗೆ ತಂದರೆ ದುಡ್ಡು ವಸೂಲಿ. ಇಡೀ ಮನೆ ಒಣಗಿಸುವ ಆಸೆಯಿಂದ ತಂದರೆ ದಂಡ. ಕಡೂರು, ಅರಸೀಕೆರೆಯ ಬಯಲಿನವರಿಗಂತೂ ಇದರ ಗೊಡವೆಯೇ ಬೇಡ.

ಮೊದಲು ಆ 12 ಲೀಟರಿನ ಲೆಕ್ಕ. ಅದು ಸಾಮಾನ್ಯವಾಗಿ 30 ಡಿಗ್ರಿ ಸೆಲ್ಸಿಯಸ್, ಶೇ. 80 ತೇವಾಂಶದಲ್ಲಿ 24 ಗಂಟೆ ಓಡಿಸಿ ಅಳೆದ ಅಂಕಿ. ಜುಲೈ ತಿಂಗಳ ಮಲೆನಾಡಿನಲ್ಲಿ ಕೋಣೆ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ತಂಪು ಗಾಳಿಯಲ್ಲಿ ನೀರಾವಿಯೇ ಕಡಿಮೆ. ಮೇಲಾಗಿ ಒಳಗಿನ ತಣ್ಣನೆಯ ಕಾಯಿಲ್ ಮೇಲೆ ಹಿಮ ಕಟ್ಟುವುದೂ ಉಂಟು, ಆಗ ಅದನ್ನು ಕರಗಿಸಲು ಯಂತ್ರ ಆಗಾಗ ಕೆಲಸ ನಿಲ್ಲಿಸುತ್ತದೆ. ಕೈಗೆ ಸಿಗುವುದು ದಿನಕ್ಕೆ 4ರಿಂದ 6 ಲೀಟರ್. ಕೊಳ್ಳುವಾಗ ಆಟೋ ಡಿಫ್ರಾಸ್ಟ್ ಇದೆಯೇ ಎಂದು ಕೇಳುವುದು ಇದಕ್ಕೇ.

ಈ 5 ಲೀಟರ್ ಸಾಕೇ? 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 41 ಘನ ಮೀಟರ್ ಗಾಳಿ. 20 ಡಿಗ್ರಿಯಲ್ಲಿ ತೇವಾಂಶವನ್ನು ಶೇ. 90ರಿಂದ 55ಕ್ಕೆ ಇಳಿಸಲು ತೆಗೆಯಬೇಕಾದ ನೀರು ಬರೀ ಕಾಲು ಲೀಟರ್! ಆದರೆ ಆ ಗಾಳಿ ಗಂಟೆಗೊಮ್ಮೆ ಹೊರಗಿನ ಗಾಳಿಯೊಂದಿಗೆ ಬದಲಾದರೆ ದಿನಕ್ಕೆ 6 ಲೀಟರ್ ಒಳಬಂತು. ಯಂತ್ರ ಅಲ್ಲೇ ಸೋತಿತು. ಸೀಲಿಂಗ್ ಇಲ್ಲದ ಹೆಂಚಿನ ಮನೆಯಲ್ಲಿ ಗಾಳಿ ಇದಕ್ಕಿಂತ ಬೇಗ ಬದಲಾಗುತ್ತದೆ. ಅಲ್ಲಿ ಇದನ್ನು ಓಡಿಸುವುದು ತೂತು ಬಿಂದಿಗೆಗೆ ನೀರು ಸೇದಿದ ಹಾಗೆ. ತಾರಸಿ ಮನೆ ಅಥವಾ ಸೀಲಿಂಗ್ ಹೊಡೆಸಿದ ಕೋಣೆ ಆಗಬೇಕು, ಕಿಟಕಿ ಮುಚ್ಚಿರಬೇಕು, ಬಾಗಿಲಿನ ಅಡಿಯ ಸಂದಿಗೆ ಹಳೇ ಬಟ್ಟೆಯಾದರೂ ತುರುಕಿರಬೇಕು. ಮೊದಲ ಮೂರು ನಾಲ್ಕು ದಿನ ಟ್ಯಾಂಕ್ ತುಂಬುತ್ತಲೇ ಇದ್ದರೆ ಗಾಬರಿ ಬೇಡ, ಹಾಸಿಗೆಯ ಹತ್ತಿ, ಬಟ್ಟೆ, ಗೋಡೆ ಕುಡಿದಿದ್ದೆಲ್ಲ ಹೊರಬರುತ್ತಿರುತ್ತದೆ.

ಗೋಡೆಯೇ ನೀರು ಹೀರುತ್ತಿದ್ದರೆ ಮಾತ್ರ ಕಥೆ ಬೇರೆ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಹನಿ ಹಾಳೆಯ ಹಿಂದೆ ಕಟ್ಟಿದರೆ ತೇವ ಗೋಡೆಯದು. ಯಂತ್ರಕ್ಕಿಂತ ಮುಂಚೆ ಗಾರೆಯವರನ್ನು ಕರೆಸಿ. ಮುಂದಿನ ಬದಿಯಲ್ಲಿ ಕಟ್ಟಿದರೆ ಗಾಳಿಯದು, ಅದಕ್ಕೆ ಯಂತ್ರ ಆಗುತ್ತದೆ.

ತೇವಾಂಶವನ್ನು ಎಷ್ಟಕ್ಕೆ ಇಳಿಸಬೇಕು? ಬೂಷ್ಟು ತಡೆಯಲು ಶೇ. 55 ಸಾಕು, ಉಬ್ಬಸದವರ ಕೋಣೆಯಲ್ಲಿ 50ಕ್ಕಿಂತ ತುಸು ಕೆಳಗೆ. ಹಾಸಿಗೆ, ದಿಂಬಿನಲ್ಲಿರುವ ಕಣ್ಣಿಗೆ ಕಾಣದ ಧೂಳು ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಮೈಯಿಂದ ಹೀರಿ ಬದುಕುತ್ತದೆ, ಶೇ. 50ರ ಕೆಳಗೆ ಅದು ಒಣಗಿ ಸಾಯುತ್ತದೆ. ಉಬ್ಬಸ, ಬೆಳಗಿನ ಸೀನು ಕೆರಳಿಸುವುದರಲ್ಲಿ ಇದರ ಹಿಕ್ಕೆಗೆ ದೊಡ್ಡ ಪಾಲು. ಬೂಷ್ಟು ಏಳುವುದು ಶೇ. 70 ದಾಟಿದ ಮೇಲೆ. 40ಕ್ಕಿಂತ ಕೆಳಗಿಳಿಸಿದರೆ ಗಂಟಲು ಒಣಗುತ್ತದೆ, ಮರದ ಸಾಮಾನು ಬಿರುಕು ಬಿಡುತ್ತದೆ. ಹಾಗೆಂದು ನುಸಿ ಒಂದೇ ವಾರದಲ್ಲಿ ಹೋಗುವುದಿಲ್ಲ, ಇನ್ಹೇಲರ್ ನಿಲ್ಲಿಸುವ ಮಾತಂತೂ ಬೇಡ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ಮನೆಗಳಲ್ಲಿ ಹೊಗೆಯೂ ದಮ್ಮಿಗೆ ಕಾರಣ. ಆ ಬಟ್ಟೆಯನ್ನು ಯಂತ್ರವಿರುವ ಕೋಣೆಗೆ ತಂದರೆ ರಾತ್ರಿ ಕಳೆಯುವುದರೊಳಗೆ ಒಣಗುತ್ತದೆ. ನಿಜ ಹೇಳಬೇಕೆಂದರೆ ಈ ಯಂತ್ರ ಅತಿ ಚೆನ್ನಾಗಿ ಮಾಡುವ ಕೆಲಸ ಇದೇ.

ಯಂತ್ರದ ಮೇಲಿನ ತೇವಾಂಶದ ಅಂಕಿಯನ್ನು ನಂಬಬೇಡಿ. ಬೇರೆ ಹೈಗ್ರೋಮೀಟರ್, ಅಂದರೆ ತೇವಾಂಶ ಅಳೆಯುವ ಮೀಟರ್ ಒಂದನ್ನು ಕೊಂಡು, ಅದು ಸರಿಯಿದೆಯೇ ಎಂದು ಪರೀಕ್ಷಿಸಿ: ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು, ಹಸಿ ಮಣ್ಣಿನಂತಾಗುವಷ್ಟು ನೀರು. ಮುಚ್ಚಳ, ಮೀಟರ್ ಎರಡನ್ನೂ ಗಾಳಿಯಾಡದ ಡಬ್ಬಿಯಲ್ಲಿ 8 ಗಂಟೆ ಇಟ್ಟರೆ ಮೀಟರ್ 75 ತೋರಿಸಬೇಕು. 80 ತೋರಿಸಿದರೆ ಮುಂದೆ ಐದು ಕಳೆದು ಓದಿಕೊಳ್ಳಿ.

ಕರೆಂಟು: 250 ವ್ಯಾಟ್ ಯಂತ್ರ ದಿನಕ್ಕೆ 10 ಗಂಟೆ ಓಡಿದರೆ ತಿಂಗಳಿಗೆ 75 ಯೂನಿಟ್. ಆ ಶಕ್ತಿಯೆಲ್ಲ ಕೋಣೆಯಲ್ಲೇ ಶಾಖವಾಗಿ ಉಳಿಯುವುದರಿಂದ ಒಂದೆರಡು ಡಿಗ್ರಿ ಬೆಚ್ಚಗಾಗುತ್ತದೆ. ಮಳೆಗಾಲದಲ್ಲಿ ಹಿತ, ಏಪ್ರಿಲ್‌ನಲ್ಲಿ ಶಿಕ್ಷೆ. ಶಬ್ದ ಹಳೇ ಫ್ರಿಜ್‌ಗಿಂತ ಜೋರು. ನಿದ್ದೆ ತೆಳುವಾದವರು ಸಂಜೆ 4ರಿಂದ 10ರವರೆಗೆ ಓಡಿಸಿ ಮಲಗುವಾಗ ಆರಿಸಲಿ.

ಯಂತ್ರ ಕೆಡುವುದು ಹೆಚ್ಚಾಗಿ ನಮ್ಮ ಕೈಯಿಂದಲೇ. ಪಾರ್ಸೆಲ್ ಅಡ್ಡ ಮಲಗಿ ಬಂದಿದ್ದರೆ ಒಂದು ದಿನ ನೆಟ್ಟಗೆ ನಿಲ್ಲಿಸಿ ಆಮೇಲೆ ಪ್ಲಗ್ ಹಾಕಿ. ಇಲ್ಲದಿದ್ದರೆ ಎಣ್ಣೆ ಕೆಳಗಿಳಿಯದೆ ಕಂಪ್ರೆಸರ್ ಸುಡುತ್ತದೆ. ಮಳೆಗಾಲದಲ್ಲಿ ಫಿಲ್ಟರನ್ನು 15 ದಿನಕ್ಕೊಮ್ಮೆ ತೊಳೆಯಿರಿ, ಧೂಳು ಕಟ್ಟಿದರೆ ಗಾಳಿ ಸಾಲದೆ ಹಿಮ ಇನ್ನೂ ಜಾಸ್ತಿ. ಡ್ರೈನ್ ಪೈಪ್ ಉದ್ದಕ್ಕೂ ಇಳಿಜಾರಿರಲಿ. ಮಧ್ಯೆ ಒಂದು ಉಬ್ಬು ಬಂದರೂ ನೀರು ನಿಂತು ಟ್ಯಾಂಕ್ ತುಂಬುತ್ತದೆ. ಒಳಗಿನ ತಂಪು ಮಾಡುವ ಗ್ಯಾಸ್ ಯಾವುದೆಂದು ಹಿಂಬದಿಯ ಚೀಟಿಯಲ್ಲಿ ನೋಡಿಕೊಳ್ಳಿ. ಆರ್290 ಇದ್ದರೆ ಅದು ಬೆಂಕಿ ಹೊತ್ತುವ ಪ್ರೊಪೇನ್. ಸಿಕ್ಕ ಮೆಕ್ಯಾನಿಕ್ ಕೈಯಲ್ಲಿ ಬೇರೆ ಗ್ಯಾಸ್ ತುಂಬಿಸಬೇಡಿ. ಟ್ಯಾಂಕಿನ ನೀರು ನೆಲ ಒರೆಸಲು ಸರಿ, ಕುಡಿಯಲು ಅಲ್ಲ.

ಅಗ್ಗದ 2–3 ಸಾವಿರದ ಪುಟ್ಟ ಪೆಲ್ಟಿಯರ್ (ಕಂಪ್ರೆಸರ್ ಇಲ್ಲದ) ಯಂತ್ರಗಳು ದಿನಕ್ಕೆ ಒಂದೆರಡು ಲೋಟ ನೀರು ತೆಗೆಯುವುದೇ ಹೆಚ್ಚು. ಬೀರುವಿಗಷ್ಟೇ ಬೇಕಿದ್ದರೆ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಸಾಕು. ಆದರೆ ತಳದಲ್ಲಿ ಸೇರುವ ಉಪ್ಪು ನೀರು ಚೆಲ್ಲಿದರೆ ಚರ್ಮದ ಸಾಮಾನು, ಜರಿ ಎರಡೂ ಹಾಳು, ಹಾಗಾಗಿ ಕೆಳಗಿನ ಖಾನೆಯಲ್ಲೇ ಇಡಿ. ಇನ್ಹೇಲರಿನ ಪುಡಿ ಕ್ಯಾಪ್ಸೂಲ್, ಸಕ್ಕರೆ ಪರೀಕ್ಷೆಯ ಪಟ್ಟಿ ಇವುಗಳನ್ನು ಯಂತ್ರ ಇದೆಯೆಂದು ಹೊರಗಿಡಬೇಡಿ. ಕರೆಂಟು ಹೋಗಿ ಬಾಗಿಲು ತೆರೆದ ಒಂದು ಸಂಜೆಯಲ್ಲೇ ಪುಡಿ ಗಂಟು ಕಟ್ಟಬಹುದು, ಪಟ್ಟಿ ತಪ್ಪು ಅಂಕಿ ಕೊಡಬಹುದು. ಅವು ಬಂದ ಡಬ್ಬಿಯಲ್ಲೇ, ಮುಚ್ಚಳ ಬಿಗಿದೇ ಇರಲಿ.